ಗಮನಿಸಿದರೆ ಉಪಯುಕ್ತವಾಗಬಹುದು

ನನಗೆ ಸುತ್ತಿ ಬಳಸಿ ಮಾತಾಡಲು ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಎಂಟು ವರ್ಷ ಅದೇ ನನ್ನ ಕೆಲಸವಾಗಿತ್ತು. ಆ ಕೆಲಸ ಬಿಟ್ಟ ಮೇಲೆ ಇವಳ ಬಾಯಿ ಜೋರಾಯಿತು ಅಂತ ಗುರುತಿನವರೆಲ್ಲ ಆಡಿಕೊಳ್ಳುತ್ತಾರೆ. ಜೋರಾಗಿದೆ. ಏನೀಗ?

ಕೆಲಸ ಇದ್ದದ್ದು ಲಿಫ್ಟು ರಿಪೇರಿ ಮಾಡುವ ಒಂದು ಕಂಪನಿಯಲ್ಲಿ. ಉದ್ದನೆಯ ಒಂದೇ ಕೋಣೆ. ಒಂದು ತುದಿಯಲ್ಲಿ ಗ್ರೀಸು ಮೆತ್ತಿದ ಚೀಲಗಳು, ಬಿಚ್ಚಿಟ್ಟ ಮೋಟರುಗಳು. ಇನ್ನೊಂದು ತುದಿಯಲ್ಲಿ ಗಾಜಿನ ಬಾಗಿಲಿನ ಹಿಂದೆ ಮ್ಯಾನೇಜರು. ನಡುವೆ ನಾನು ಮತ್ತು ನನ್ನ ಕಂಪ್ಯೂಟರು. ಮೆಕ್ಯಾನಿಕ್‌ಗಳು ಬೆಳಿಗ್ಗೆ ಕಟ್ಟಡಗಳಿಗೆ ಹೋಗಿ ಲಿಫ್ಟು ಪರೀಕ್ಷೆ ಮಾಡಿ ಮಧ್ಯಾಹ್ನ ವಾಪಸು ಬರುತ್ತಿದ್ದರು. ನನ್ನ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತು, ಕಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ನಾನು ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಕಾಗದ ಮುಂದಿಟ್ಟರೆ ಅವರು ಕೆಳಗೆ ಸಹಿ ಹಾಕುತ್ತಿದ್ದರು. ಯಾರೂ ಓದುತ್ತಿರಲಿಲ್ಲ. ಓದಲು ಬರುತ್ತಿದ್ದರೆ ನಾನು ಯಾಕೆ ಬೇಕಿತ್ತು? ಆ ಕಾಗದ ಕಟ್ಟಡದ ಸೆಕ್ರೆಟರಿಗೆ ಹೋಗುತ್ತಿತ್ತು. ಅದರಲ್ಲಿ ಏನಿದೆಯೋ ಅದನ್ನು ನೋಡಿಕೊಂಡು ಅವರು ಲಿಫ್ಟು ಓಡಿಸುತ್ತಿದ್ದರು, ಇಲ್ಲವೇ ನಿಲ್ಲಿಸುತ್ತಿದ್ದರು.

ಆ ಮೆಕ್ಯಾನಿಕ್‌ಗಳಲ್ಲಿ ಹಿರಿಯರು ನನ್ನ ಚಿಕ್ಕಪ್ಪ. ಅಪ್ಪ ಹೋದಾಗ ನನಗೆ ಒಂಬತ್ತು ವರ್ಷ. ಆವತ್ತಿನಿಂದ ಊಟ, ಬಟ್ಟೆ, ಶಾಲೆ, ಬೈಗುಳ ಎಲ್ಲವೂ ಚಿಕ್ಕಪ್ಪನದೇ. ತಾವಂತೂ ಓದಲಿಲ್ಲ, ನನ್ನನ್ನು ಮಾತ್ರ ಇಂಗ್ಲಿಷ್ ಶಾಲೆಗೇ ಹಾಕಬೇಕು ಅಂತ ಹಟ ಹಿಡಿದು ಹಾಕಿದರು. ಕಂಪನಿಯಲ್ಲಿ ಟೈಪು ಮಾಡುವವರು ಬೇಕು ಅಂದಾಗ ನನ್ನ ಕೈ ಹಿಡಿದು ತಂದು ಕೂರಿಸಿದವರೂ ಅವರೇ. ಬೇರೆ ಮೆಕ್ಯಾನಿಕ್‌ಗಳು ಸಹಿ ಹಾಕುವ ಮೊದಲು ಒಂದು ಸಲವಾದರೂ ಕಾಗದದ ಮೇಲೆ ಕಣ್ಣಾಡಿಸಿದ ಹಾಗೆ ನಟಿಸುತ್ತಿದ್ದರು. ಚಿಕ್ಕಪ್ಪ ಅದನ್ನೂ ಮಾಡುತ್ತಿರಲಿಲ್ಲ. ಪುಟ್ಟಿ ಬರೆದಿದ್ದಾಳೆ, ಮತ್ತೇನು ನೋಡೋದು ಅನ್ನುವರು. ಪುಟ್ಟಿ ಅಂದರೆ ನಾನು. ಮೂವತ್ತು ದಾಟಿದರೂ ಪುಟ್ಟಿಯೇ.

ಚಿಕ್ಕಪ್ಪನ ಮಾತು ಕಡ್ಡಿ ಮುರಿದ ಹಾಗೆ. ಬ್ರೇಕು ಸತ್ತಿದೆ, ಬದಲಾಯಿಸಿ. ರೋಪಿನ ಎಳೆ ಕಿತ್ತಿದೆ, ನಿಲ್ಲಿಸಿ. ಅಷ್ಟೇ. ಕೆಲಸಕ್ಕೆ ಸೇರಿದ ಮೊದಲ ವಾರ ನಾನೂ ಹಾಗೇ ಬರೆದೆ. ಮ್ಯಾನೇಜರು ಗಾಜಿನ ಬಾಗಿಲಿನ ಒಳಗೆ ಕರೆದರು. ಇವರಿಗೆ ಮೆಕ್ಯಾನಿಕ್‌ಗಳು ಇಟ್ಟ ಹೆಸರು ಬೆಣ್ಣೆ ಸಾಹೇಬರು. ಸಿಟ್ಟು ಬಂದದ್ದನ್ನು ಯಾರೂ ಕಂಡವರಿಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಕುರ್ಚಿ ಕೊಟ್ಟು, ನೀರು ಕೊಟ್ಟು, ಹೀಗೆ ಬರೆದರೆ ಗಿರಾಕಿಗೆ ಎದೆ ಧಸಕ್ಕನ್ನುತ್ತದಲ್ಲಮ್ಮ ಅಂದರು. ‘ನಿಲ್ಲಿಸಿ’ ಅಂತ ಬರೆದರೆ ಅವರು ನಮ್ಮನ್ನೇ ಬಿಟ್ಟು ಇನ್ನೊಂದು ಕಂಪನಿ ಹುಡುಕುತ್ತಾರೆ. ಏನೂ ಬರೆಯದಿದ್ದರೆ ನಾಳೆ ಹೆಚ್ಚುಕಡಿಮೆಯಾದಾಗ ನಮ್ಮ ಕುತ್ತಿಗೆಗೆ ಬರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗೆ ಬರೆಯುವುದು ಒಂದು ವಿದ್ಯೆ, ಕಲಿತುಕೋ ಅಂದರು.

ಕಲಿಯಲು ಒಂದು ಪಟ್ಟಿಯನ್ನೂ ಕೊಟ್ಟು, ನನ್ನ ಕಂಪ್ಯೂಟರಿನ ಪಕ್ಕದ ಗೋಡೆಗೆ ತಾವೇ ಅಂಟಿಸಿದರು. ಹದಿನಾಲ್ಕು ಸಾಲು. ‘ಇಟ್ ಮೈಟ್ ಬಿ ಯೂಸ್‌ಫುಲ್ ಟು’ ಅಂದರೆ, ಹೀಗೆ ಮಾಡಿದರೆ ಉಪಯೋಗವಾದರೂ ಆದೀತು. ‘ಯೂ ಮೇ ವಿಶ್ ಟು ಕನ್ಸಿಡರ್’ ಅಂದರೆ, ಮನಸ್ಸು ಬಂದರೆ ಯೋಚಿಸಿ ನೋಡಿ. ‘ಇಟ್ ಮೇ ಬಿ ವರ್ತ್ ನೋಟಿಂಗ್’ ಅಂದರೆ, ಗಮನಿಸುವಂಥದ್ದು ಇದ್ದರೂ ಇರಬಹುದು. ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥವೇ. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ‘ಮಸ್ಟ್’, ‘ಸ್ಟಾಪ್’, ‘ಡೇಂಜರ್’ ಈ ಮೂರು ಬೇಕಿದ್ದರೆ ಅವರ ಅಪ್ಪಣೆ ಕೇಳಬೇಕು. ಮೊದಲ ವರ್ಷ ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ನಗುತ್ತಾ ಬೇಡಮ್ಮ ಅಂದರು. ಆಮೇಲೆ ಕೇಳುವುದನ್ನೇ ಬಿಟ್ಟೆ.

ಇಂಗ್ಲಿಷಿನದು ಇದರಲ್ಲಿ ತಪ್ಪೇನೂ ಇಲ್ಲ. ಅದರಲ್ಲೂ ‘ಸ್ಟಾಪ್’ ಅನ್ನುವ ಮಾತಿದೆ, ರಸ್ತೆ ರಸ್ತೆಯಲ್ಲಿ ಕೆಂಪು ಬಣ್ಣದಲ್ಲಿ ಬರೆದಿರುತ್ತಾರೆ, ಅಕ್ಷರ ಬಾರದವರೂ ನಿಲ್ಲುತ್ತಾರೆ. ತಪ್ಪು ನನ್ನದು. ಯಾಕೆಂದರೆ ನನಗೆ ಆ ವಿದ್ಯೆ ಹಿಡಿಸಿಬಿಟ್ಟಿತು. ಹದಿನಾಲ್ಕು ಸಾಲನ್ನು ಹಿಗ್ಗಿಸಿ ಐವತ್ತು ಮಾಡಿದೆ. ಎಂಥ ಹರಕು ಲಿಫ್ಟನ್ನೂ ಓದಿದವರಿಗೆ ನಿದ್ದೆ ಬರುವಷ್ಟು ನಯವಾಗಿ ವರ್ಣಿಸಬಲ್ಲವಳಾದೆ. ಗಿರಾಕಿಗಳು ನಿಮ್ಮ ರಿಪೋರ್ಟು ಬಹಳ ಸಭ್ಯವಾಗಿರುತ್ತದೆ ಅಂದರೆ ಸಾಹೇಬರು ನನ್ನ ಕಡೆ ಕೈ ತೋರಿಸುವರು. ಕೊಂಬು ಬರದೆ ಇರುತ್ತದೆಯೇ? ಮನೆಯಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ, ಹಾಲಿನ ಕಡೆ ಗಮನ ಹರಿಸುವುದು ಉಪಯುಕ್ತವಾಗಬಹುದು ಅಂತ ಯಾರಾದರೂ ಹೇಳುತ್ತಾರಾ? ಹಾಲು ಉಕ್ತಿದೆ ಅಂತ ಕಿರುಚುತ್ತಾರೆ. ಅಷ್ಟೂ ಹೊಳೆಯಲಿಲ್ಲ ನನಗೆ.

ಆವತ್ತು ಸೋಮವಾರ. ಚಿಕ್ಕಪ್ಪ ಬಂದು ಸ್ಟೂಲಿನ ಮೇಲೆ ಕೂತವರು ಎಂದಿನಂತೆ ಕೈ ಒರೆಸಿಕೊಳ್ಳಲಿಲ್ಲ. ನಾಲ್ಕು ಮಹಡಿಯ ಹಳೆಯ ಕಟ್ಟಡ, ಕೈಯಿಂದ ಎಳೆದು ತೆರೆಯುವ ಬಾಗಿಲಿನ ಲಿಫ್ಟು. ಅಂಥ ಬಾಗಿಲಿಗೆ ಒಂದು ಲಾಕು ಇರುತ್ತದೆ. ಲಿಫ್ಟು ಆ ಮಹಡಿಗೆ ಬಂದು ನಿಂತಿದ್ದರೆ ಮಾತ್ರ ಬಾಗಿಲು ತೆರೆಯಬೇಕು. ಮೂರನೇ ಮಹಡಿಯಲ್ಲಿ ಆ ಲಾಕು ಸವೆದು ಹೋಗಿತ್ತು.

“ಮೂರನೇ ಮಹಡೀಲಿ ಲಿಫ್ಟ್ ಇಲ್ದೇ ಇದ್ರೂ ಬಾಗಿಲು ತೆರೆಯುತ್ತೆ ಪುಟ್ಟಿ. ತೆರೆದ್ರೆ ಒಳಗೆ ಬರೀ ಬಾವಿ. ಮೇಲಿನ ಸ್ವಿಚ್ ಆಫ್ ಮಾಡಿ ಬೋರ್ಡ್ ಕಟ್ಟಿ ಬಂದಿದೀನಿ. ಲಾಕ್ ಬದಲಾಯಿಸೋ ತನಕ ಯಾರೂ ಮುಟ್ಟಬಾರದು. ನಿಲ್ಲಿಸಿ ಅಂತ ಬರಿ.”

ನಾನು ಬರೆದೆ. ಹೊಸ ಮಾತೇನೂ ಹುಡುಕಬೇಕಾಗಲಿಲ್ಲ, ಬೆರಳುಗಳು ತಾವೇ ಓಡಿದವು. ಮೂರನೇ ಮಹಡಿಯ ಬಾಗಿಲಿನ ಲಾಕನ್ನು ಅನುಕೂಲವಾದಾಗ ಒಮ್ಮೆ ಗಮನಿಸಿದರೆ ಉಪಯುಕ್ತವಾಗಬಹುದು. ಇಂಗ್ಲಿಷಿನಲ್ಲಿ ಇನ್ನೂ ಚೆಂದ ಇತ್ತು. ಚಿಕ್ಕಪ್ಪ ಸಹಿ ಹಾಕಿ ಊಟಕ್ಕೆ ಎದ್ದರು.

ಕಟ್ಟಡದ ಸೆಕ್ರೆಟರಿ ಕಾಗದ ಓದಿಕೊಂಡು ಫೋನು ಮಾಡಿದ್ದು ನನಗೆ ಆಮೇಲೆ ಗೊತ್ತಾಯಿತು. ನಿಮ್ಮ ಮೆಕ್ಯಾನಿಕ್ ಸ್ವಿಚ್ಚು ಆರಿಸಿ ಹೋಗಿದ್ದಾರೆ, ಜನ ಮೆಟ್ಟಿಲು ಹತ್ತಿ ಸುಸ್ತಾಗಿದ್ದಾರೆ, ಲಿಫ್ಟು ಹಾಕಬಹುದಾ ಅಂತ. ರಿಪೋರ್ಟಿನಲ್ಲಿ ನಿಲ್ಲಿಸಿ ಅಂತೇನೂ ಇಲ್ಲವಲ್ಲ ಸಾರ್ ಅಂದರಂತೆ ಬೆಣ್ಣೆ ಸಾಹೇಬರು. ಹಾಕಿದರು. ಐದನೆಯ ದಿನ ಮೂರನೇ ಮಹಡಿಯ ಟೈಲರಮ್ಮ ಹೊಲಿದ ಬಟ್ಟೆಯ ಗಂಟು ಎದೆಗವಚಿಕೊಂಡು ಬಾಗಿಲೆಳೆದರು. ತೆರೆಯಿತು. ಕಾಲಿಟ್ಟರು. ಲಿಫ್ಟು ಮೊದಲನೇ ಮಹಡಿಯಲ್ಲಿ ನಿಂತಿತ್ತು, ಅದರ ತಲೆಯ ಮೇಲೆ ಬಿದ್ದರು. ಅದು ತೀರಾ ಕೆಳಗಿದ್ದಿದ್ದರೆ ಹೆಣವೇ ಸಿಗುತ್ತಿತ್ತು. ಸೊಂಟ ಮುರಿಯಿತು.

ಮರುದಿನವೇ ಸರ್ಕಾರದವರು ಬಂದು ತನಿಖೆ ನಡೆಸುತ್ತೇವೆ ಅಂದರು. ಲಿಫ್ಟು ಮುಟ್ಟಲು ಮೆಕ್ಯಾನಿಕ್‌ಗೆ ಸರ್ಕಾರ ಕೊಟ್ಟ ಒಂದು ಕಾರ್ಡು ಇರುತ್ತದೆ. ಚಿಕ್ಕಪ್ಪನ ಕಾರ್ಡನ್ನು ಇಸಿದುಕೊಂಡರು. ಮೆಕ್ಯಾನಿಕ್ ಅಪಾಯವನ್ನು ಸರಿಯಾಗಿ ತಿಳಿಸಲಿಲ್ಲ ಅಂತ ಕಂಪನಿ ಬರೆದುಕೊಟ್ಟಿತ್ತು. ತಪ್ಪು ಸಾಬೀತಾದರೆ ಕಾರ್ಡು ಹೋಯಿತು, ಮೂವತ್ತೊಂದು ವರ್ಷದ ಕೆಲಸ ಹೋಯಿತು, ಒಬ್ಬ ಹೆಂಗಸಿನ ಸೊಂಟ ಮುರಿಸಿದವನು ಅನ್ನುವ ಹೆಸರು ಮಾತ್ರ ಉಳಿಯಿತು. ತಲೆಯ ಮೇಲೆ ಗೂಬೆ ಕೂರಿಸುವುದು ಅಂದರೆ ಹೀಗೆ.

ಚಿಕ್ಕಪ್ಪ ಮಾತ್ರ ಹೆದರಿರಲಿಲ್ಲ. ಮನೆಯಲ್ಲಿ ಹಳೆಯ ಪೇಪರು ಹಾಸಿ ಸ್ಪಾನರುಗಳನ್ನು ಒಂದೊಂದಾಗಿ ಎಣ್ಣೆ ಹಾಕಿ ಒರೆಸುತ್ತಾ ಕೂತಿದ್ದರು. ಚಿಕ್ಕಮ್ಮ ಕಣ್ಣೀರು ಹಾಕಿದರೆ ಅವರಿಗೇ ಗದರಿದರು. ನಾನು ಹೇಳಿದೀನಿ, ಪುಟ್ಟಿ ಬರೆದಿದಾಳೆ, ಕೆಳಗೆ ನನ್ನ ಸಹಿ ಇದೆ, ಆ ಕಾಗದ ತೆಗೆದು ಓದಿದ್ರೆ ಎಲ್ಲರ ಬಾಯಿ ಮುಚ್ಚುತ್ತೆ ಅಂತ. ಅದನ್ನು ಕೇಳುತ್ತಾ ನಾನು ತಟ್ಟೆಯ ಮುಂದೆ ಕೂತಿದ್ದೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೆದರಿದೆ, ಅಷ್ಟೇ. ಅದಕ್ಕೆ ಬೇರೆ ನಯವಾದ ಹೆಸರಿಡುವುದಿಲ್ಲ.

ಆಸ್ಪತ್ರೆಗೆ ಹೋಗಿ ಟೈಲರಮ್ಮನನ್ನು ನೋಡಿದೆ. ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ, ಲಿಫ್ಟ್ ಕಂಪನಿಯವಳು ಅಂದೆ. ಇನ್ನು ಹೊಲಿಗೆ ಯಂತ್ರ ತುಳಿಯಲು ಆಗುತ್ತದೋ ಇಲ್ಲವೋ ಅಂತ ಡಾಕ್ಟರೇ ಹೇಳುತ್ತಿಲ್ಲವಂತೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

“ಬಾಗಿಲು ತೆರೀತು ಅಂದ್ರೆ ಒಳಗೆ ಲಿಫ್ಟ್ ಇದೆ ಅಂತ ತಾನೇ ನಂಬೋದು? ಆ ಮೆಕ್ಯಾನಿಕ್ ನಾಲ್ಕು ದಿನ ಮುಂಚೆ ಬಂದು ನೋಡಿದ್ರಂತೆ. ಒಂದು ಮಾತು ಹೇಳಬಾರದಿತ್ತಾ?”

ಹೇಳಿದ್ದರು. ಅದನ್ನು ಹೇಳದೆ ಹೊರಟೆ. ಆದರೆ ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತ್ತು. ಮೊದಲು ನನ್ನ ಮೇಲೆ, ಆಮೇಲೆ ಆ ಗೋಡೆಯ ಮೇಲಿನ ಹದಿನಾಲ್ಕು ಸಾಲಿನ ಮೇಲೆ.

ತನಿಖೆಯ ಹಿಂದಿನ ದಿನ ಬೆಣ್ಣೆ ಸಾಹೇಬರು ಮತ್ತೆ ಒಳಗೆ ಕರೆದರು. ಮತ್ತೆ ಕುರ್ಚಿ, ಮತ್ತೆ ನೀರು. ಚಿಕ್ಕಪ್ಪ ಹೇಳಿದ್ದನ್ನೇ ನಾನು ಬರೆದೆ ಅಂತ ಒಂದು ಮಾತು ಹೇಳಿದರೆ ಸಾಕಂತೆ. ಅವರಿಗೂ ವಯಸ್ಸಾಯಿತು, ಇನ್ನೆಷ್ಟು ದಿನ ಮೆಟ್ಟಿಲು ಹತ್ತುತ್ತಾರೆ, ನಿನ್ನ ಮುಂದೆ ಇನ್ನೂ ಇಡೀ ಬದುಕಿದೆ ಅಂದರು. ಕಾಗದದ ಮೇಲೆ ಇರುವುದು ಅವರ ಸಹಿ, ನಿನ್ನದಲ್ಲ, ಅದನ್ನು ನೆನಪಿಟ್ಟುಕೊಂಡರೆ ನಿನಗೆ ಉಪಯೋಗವಾಗಬಹುದು ಅಂದರು. ನೋಡಿ, ಬೆದರಿಕೆಯನ್ನೂ ಅದೇ ವಿದ್ಯೆಯಲ್ಲಿ ಅದ್ದಿ ಕೊಟ್ಟರು. ನಾನು ನೀರು ಕುಡಿಯದೆ ಎದ್ದು ಬಂದೆ.

ತನಿಖೆಯ ಕೋಣೆ ಚಿಕ್ಕದು. ಒಂದು ಮೇಜು, ಅದರ ಹಿಂದೆ ಅಧಿಕಾರಿ ಮೇಡಂ, ಪಕ್ಕದಲ್ಲಿ ಅವರ ಟೈಪಿಸ್ಟು, ಈಚೆ ಬೆಂಚಿನ ಮೇಲೆ ನಾವು. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕಂಪನಿಯ ಪರವಾಗಿ ಸಾಹೇಬರು ಹತ್ತು ನಿಮಿಷ ಮಾತಾಡಿದರು. ಚಿಕ್ಕಪ್ಪನ ಸರದಿ ಬಂದಾಗ ಅವರು ಒಂದೇ ಮಾತು ಹೇಳಿದರು, ನಾನು ಹೇಳೋದೇನಿದೆ, ಆ ಕಾಗದ ಓದಿ. ಮೇಡಂ ಕಾಗದ ತೆಗೆದು, ಅವರಿಗೆ ತಿಳಿಯಲಿ ಅಂತ, ನಮ್ಮ ಮಾತಿನಲ್ಲೇ ಓದಿ ಹೇಳಿದರು. ಅನುಕೂಲವಾದಾಗ ಒಮ್ಮೆ ಗಮನಿಸಿದರೆ ಉಪಯುಕ್ತವಾಗಬಹುದು.

ಚಿಕ್ಕಪ್ಪ ನಕ್ಕುಬಿಟ್ಟರು.

“ಅದು ಬೇರೆ ಯಾರದೋ ಕಾಗದ ಇರಬೇಕು ಮೇಡಂ. ನಂದು ತೆಗೀರಿ.”

ಮೇಡಂ ಕಾಗದವನ್ನು ಅವರ ಕಡೆ ತಿರುಗಿಸಿ ಕೆಳಗೆ ಬೆರಳಿಟ್ಟು ತೋರಿಸಿದರು. ಚಿಕ್ಕಪ್ಪ ಬಗ್ಗಿ ನೋಡಿದರು. ಅವರದೇ ಸಹಿ. ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನಕ್ಕೆ ತಲೆಯೆತ್ತಿ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಎದ್ದು ನಿಂತೆ. ಕರೆಯುವ ತನಕ ಕೂತಿರಿ ಅಂದರು ಯಾರೋ. ಕೂರಲಿಲ್ಲ.

ಎಲ್ಲ ಹೇಳಿದೆ. ಅವರು ನಿಲ್ಲಿಸಿ ಅಂದರು, ನಾನು ಹಾಗೆ ಬರೆಯಲಿಲ್ಲ. ಆ ಮಾತು ಬರೆಯಬಾರದು ಅಂತ ಮ್ಯಾನೇಜರ ಕಟ್ಟಪ್ಪಣೆ. ಪಟ್ಟಿ ನನ್ನ ಗೋಡೆಯ ಮೇಲಿದೆ, ಹೋಗಿ ನೋಡಿ, ನಾಳೆ ಹೋದರೆ ಇರುವುದಿಲ್ಲ, ಇವತ್ತೇ ಹೋಗಿ ಅಂದೆ. ಬಾಗಿಲಿನ ಒಳಗೆ ಬಾವಿ ಇದೆ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೂ ಬರೆದೆ ಅಂದೆ. ಸಾಹೇಬರು ಎದ್ದು, ಹುಡುಗಿ ಚಿಕ್ಕಪ್ಪನ ಮೇಲಿನ ಅಭಿಮಾನದಿಂದ ಸ್ವಲ್ಪ ಆವೇಶಕ್ಕೆ ಒಳಗಾಗಿರಬಹುದು ಅಂದರು. ಇರಬಹುದು ಅಲ್ಲ, ಆಗಿದ್ದೇನೆ ಅಂದೆ.

ಟೈಪಿಸ್ಟು ಟಕಟಕ ಬಡಿದು, ಕಾಗದ ತೆಗೆದು, ಸಹಿ ಹಾಕಿ ಅಂತ ಮುಂದಿಟ್ಟ. ಓದಿದೆ. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ಮೆಕ್ಯಾನಿಕ್ ಸ್ವಲ್ಪ ಕಳವಳ ವ್ಯಕ್ತಪಡಿಸಿದ್ದಿರಬಹುದು ಎಂದು ಸಾಕ್ಷಿ ಸೂಚಿಸಿದರು, ತನಿಖೆಗೆ ಈ ಅಂಶ ಪ್ರಸ್ತುತವಾಗಬಹುದು. ಎಂಟು ವರ್ಷ ನಾನೇ ಮಾಡಿದ ಅಡುಗೆ, ವಾಸನೆಯಲ್ಲೇ ಗೊತ್ತಾಯಿತು. ಪಾಪ, ಅವನದೂ ತಪ್ಪಲ್ಲ. ಅವನ ಗೋಡೆಯ ಮೇಲೂ ಎಂಥದೋ ಪಟ್ಟಿ ಇದ್ದೀತು.

ಸಹಿ ಹಾಕುವುದಿಲ್ಲ ಅಂದೆ. ಅರ್ಥ ಅದೇ ಅಲ್ಲವೇನಮ್ಮ ಅಂದರು ಮೇಡಂ. ಅಲ್ಲ ಅಂದೆ. ಎರಡನೇ ಸಲ ಟೈಪು ಮಾಡಿದ. ‘ಕಳವಳ’ ಹೋಗಿ ‘ಎಚ್ಚರಿಕೆಯ ಸ್ವರೂಪದ ಮಾತು’ ಬಂತು. ಹಾಕುವುದಿಲ್ಲ ಅಂದೆ. ಮೇಡಂ ಗಡಿಯಾರ ನೋಡಿದರು. ಹೊರಗೆ ಇನ್ನೂ ಯಾರೋ ಕಾಯುತ್ತಿದ್ದರು. ಇದರಿಂದ ನಿಮಗೇ ತೊಂದರೆಯಾಗುತ್ತದೆ, ಯೋಚನೆ ಮಾಡಿ ಅಂದರು, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

“ಮೇಡಂ, ಅವರು ನಿಲ್ಲಿಸಿ ಅಂದ್ರು. ಅಷ್ಟೇ ಬರೀರಿ. ನಾನು ಬರೀಲಿಲ್ಲ ಅಂತಾನೂ ಬರೀರಿ. ಬರೆಯೋ ತನಕ ನಾನು ಈ ಮೇಜು ಬಿಟ್ಟು ಕದಲಲ್ಲ.”

ಮೂರನೆಯ ಕಾಗದದಲ್ಲಿ ನಾಲ್ಕೇ ಸಾಲು ಇತ್ತು. ಲಿಫ್ಟು ನಿಲ್ಲಿಸಿ ಎಂದು ಮೆಕ್ಯಾನಿಕ್ ಹೇಳಿದರು. ನಾನು ಅದನ್ನು ಬರೆಯಲಿಲ್ಲ. ಮ್ಯಾನೇಜರು ಆ ಪದವನ್ನು ನಿಷೇಧಿಸಿದ್ದರು. ಅಪಾಯ ಇದೆ ಎಂದು ನನಗೆ ಗೊತ್ತಿತ್ತು. ಎರಡು ಸಲ ಓದಿ ಸಹಿ ಹಾಕಿದೆ. ಸಾಹೇಬರು ನನ್ನ ಮುಖ ನೋಡದೆಯೇ, ನಾಳೆಯಿಂದ ಬರುವುದು ಬೇಡ ಅಂದರು. ಆ ಒಂದು ಸಲ ಮಾತ್ರ ಅವರ ಬಾಯಿಂದ ಸೀದಾ ಮಾತು ಬಂದದ್ದು. ಮೇಡಂ ಡ್ರಾಯರು ಎಳೆದು ಚಿಕ್ಕಪ್ಪನ ಕಾರ್ಡನ್ನು ತೆಗೆದು ಮೇಜಿನ ಈಚೆಗೆ ತಳ್ಳಿದರು. ಅವರು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು, ಸಂತೋಷಪಟ್ಟ ಹಾಗೆ ಕಾಣಲಿಲ್ಲ.

ಚಿಕ್ಕಪ್ಪ ಹೊರಗೆ ಮೆಟ್ಟಿಲ ಹತ್ತಿರ ಬಂದರು. ಅಲ್ಲಿ ನಿಂತರು.

“ಎಷ್ಟು ಸಲ ಹೀಗೆ ಬರೆದಿದೀಯ?”

ಇದೊಂದು ಪ್ರಶ್ನೆಗೆ ನಾನು ತಯಾರಿರಲಿಲ್ಲ. ಕಾರ್ಡು ಉಳಿದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

“ಪ್ರತೀ ಸಲ ಚಿಕ್ಕಪ್ಪ.”

ಅವರು ಗೋಡೆಗೆ ಕೈ ಊರಿಕೊಂಡರು. ಎಂಟು ವರ್ಷ ಅವರು ನಿಲ್ಲಿಸಿ ಅಂತ ಹೇಳಿ ಬಂದ ಲಿಫ್ಟುಗಳೆಲ್ಲ ಆ ಕ್ಷಣ ಅವರ ಕಣ್ಣೆದುರು ಓಡುತ್ತಿದ್ದವು ಅಂತ ಕಾಣುತ್ತದೆ. ನನ್ನ ಕಣ್ಣೆದುರೂ ಓಡಿದವು. ಬೈಯಲಿ, ಕೆನ್ನೆಗೆ ಬಾರಿಸಲಿ ಅಂತ ಕಾದೆ. ಅವರು ಕೇಳಿದ್ದು ಬೇರೆ. ಯಾವ ಯಾವ ಕಟ್ಟಡ ಅಂತ ನೆನಪಿದೆಯಾ ಅಂದರು. ಇದೆ ಅಂದೆ. ಇತ್ತು. ಟೈಪು ಮಾಡಿದವಳಿಗೆ ಮರೆಯುವುದಿಲ್ಲ. ಹತ್ತಿರದ್ದು ಯಾವುದು ಅಂದರು. ಎರಡು ರಸ್ತೆ ದಾಟಿದರೆ ದಂತವೈದ್ಯರು, ಕಣ್ಣಿನ ಡಾಕ್ಟರು ಎಲ್ಲ ಇರುವ ಆರು ಮಹಡಿಯ ಕಟ್ಟಡ ಇದೆ, ರೋಪಿನಲ್ಲಿ ಎಳೆಗಳು ಕಿತ್ತಿದ್ದವು ಅಂದೆ. ಅದನ್ನು ಯಾವತ್ತು ನೋಡಿದ್ದು ಅಂತ ಅವರಿಗೇ ನೆನಪಿತ್ತು. ನಾಲ್ಕು ತಿಂಗಳ ಹಿಂದೆ.

ಹೋದೆವು. ದಾರಿಯುದ್ದಕ್ಕೂ ಅವರು ಮುಂದೆ, ನಾನು ಹಿಂದೆ. ಲಿಫ್ಟು ಓಡುತ್ತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿದ ಒಬ್ಬರನ್ನು ಮಗಳು ಕೈ ಹಿಡಿದು ಅದರಿಂದಲೇ ಇಳಿಸಿಕೊಂಡು ಹೋದಳು. ಸೆಕ್ರೆಟರಿ ನೆಲಮಹಡಿಯ ಕೋಣೆಯಲ್ಲಿದ್ದರು. ಚಿಕ್ಕಪ್ಪ ಕಾರ್ಡು ತೋರಿಸಿ, ರೋಪಿನ ಎಳೆ ಕಿತ್ತಿದೆ, ನಿಲ್ಲಿಸಿ ಅಂದರು, ನಾನು ಪಕ್ಕದಲ್ಲಿ ನಿಂತು, ರಿಪೋರ್ಟಿನಲ್ಲಿ ನಯವಾಗಿ ಬೇರೆ ಬರೆದವಳು ನಾನೇ, ಅದು ಸುಳ್ಳು ಅಂತ ಹೇಳಿದೆ. ಆ ಮನುಷ್ಯ ಒಳ್ಳೆಯವನೇ. ತಿಳಿಸಿದ್ದು ಬಹಳ ಉಪಕಾರವಾಯಿತು, ಮುಂದಿನ ಮೀಟಿಂಗಿನಲ್ಲಿ ಚರ್ಚೆಗೆ ಇಡುತ್ತೇನೆ, ಇವತ್ತು ರೋಗಿಗಳ ದಿನ ನೋಡಿ, ನಿಲ್ಲಿಸುವುದು ಕಷ್ಟ ಅಂದ.

ಚಿಕ್ಕಪ್ಪ ವಾದ ಮಾಡಲಿಲ್ಲ. ಹೊರಗೆ ಬಂದು, ಲಿಫ್ಟು ಕೆಳಗಿಳಿದು ಖಾಲಿಯಾಗುವ ತನಕ ಕಾದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಒಬ್ಬರ ಬೆನ್ನಿಗೆ ಪೂರ್ತಿ ಬಾಗಿಲು ಮುಚ್ಚುವುದಿಲ್ಲ. ಉಳಿದ ಅರ್ಧಕ್ಕೆ ನಾನು ನಿಂತೆ. ಅವರು ನನ್ನ ಕಡೆ ನೋಡಲಿಲ್ಲ, ಜರುಗಿ ಜಾಗ ಮಾತ್ರ ಬಿಟ್ಟರು.

ಸೆಕ್ರೆಟರಿ ಬಂದು ಗೋಗರೆದ, ಆಮೇಲೆ ಪೊಲೀಸರನ್ನು ಕರೆಯುತ್ತೇನೆ ಅಂದ. ಕರೀರಿ, ಅವರೂ ಮೆಟ್ಟಿಲು ಹತ್ತಲಿ ಅಂದೆ. ಜನ ಸೇರಿದರು. ಆರನೇ ಮಹಡಿಗೆ ಹೋಗಬೇಕಾದ, ಎರಡು ಕೈಯಲ್ಲೂ ಚೀಲ ಹಿಡಿದ ದಪ್ಪನೆಯ ಹೆಂಗಸೊಬ್ಬರು ನನ್ನ ಅಪ್ಪ ಅಮ್ಮ ಇಬ್ಬರನ್ನೂ ನೆನೆಸಿಕೊಂಡು ಬೈದರು, ಚಿಕ್ಕಪ್ಪನನ್ನೂ ಬಿಡಲಿಲ್ಲ. ಬೈಯುತ್ತಲೇ ಮೆಟ್ಟಿಲು ಹತ್ತಿದರು, ಮೂರನೇ ಮಹಡಿ ದಾಟುವವರೆಗೂ ಕೇಳಿಸುತ್ತಿತ್ತು. ಬೈದುಕೊಂಡಾದರೂ ಹತ್ತಲಿ. ಬೈಸಿಕೊಂಡರೆ ಯಾರ ಸೊಂಟವೂ ಮುರಿಯುವುದಿಲ್ಲ.